ಸೇಡಿನ ಕಾದಂಬರಿಯ ಮೂವರು ಓದುಗರು

ಕಲಘಟಗಿಯ ಗ್ರಂಥಾಲಯದಲ್ಲಿ ನಾನು ಕೆಲಸ ಮಾಡುತ್ತೇನೆ. ಮೋಸ ಹೋದವನೊಬ್ಬ ವರ್ಷಗಳ ಮೇಲೆ ಮರಳಿ ಬಂದು ಸೇಡು ತೀರಿಸಿಕೊಳ್ಳುವ ದಪ್ಪ ಕಾದಂಬರಿಯೊಂದನ್ನು ಕಳೆದ ವರ್ಷ ನಾನೂ ಅಲ್ಲಿಗೆ ಬರುವ ಇಬ್ಬರು ಓದುಗರೂ ಓದಿದೆವು. ಮುಗಿದ ಮೇಲೆ ಒಂದು ಸಂಜೆ ಅದರ ಮಾತು ಬಂತು.

"ಅಗದಿ ಛಲೋ ಐತಿ, ಒಬ್ಬರನ್ನೂ ಬಿಡಲಿಲ್ಲ ನೋಡ್ರಿ," ಎಂದರು ನಿವೃತ್ತ ಮಾಸ್ತರರು.

"ಭಾಳ ಉದ್ದ ಆತ್ರಿ. ಕಡೀಕ ಅವಗರ ಏನ್ ಸಿಕ್ತು?" ಎಂದಳು ಬಟ್ಟೆ ಹೊಲಿಯುವ ಹೆಂಗಸು.

ಇಬ್ಬರೂ ನನ್ನತ್ತ ತಿರುಗಿದರು. ನನ್ನ ಅಣ್ಣನನ್ನು ಹೊಲದ ಬದುವಿನ ಜಗಳದಲ್ಲಿ ಕೊಂದವನು ಖುಲಾಸೆಯಾಗಿ ಊರಿಗೆ ಬಂದಿದ್ದು ಅವರಿಗೆ ಗೊತ್ತಿರಲಿಲ್ಲ. ಅವತ್ತು ಬೆಳಿಗ್ಗೆ ಬಸ್ಸಿನಲ್ಲಿ ಅವನು ನನ್ನೆದುರೇ ನಿಂತಿದ್ದ. ಮುಖ ನೋಡಿದೆ, ಸಿಟ್ಟು ಬರಲಿಲ್ಲ, ಅಳುವೂ ಬರಲಿಲ್ಲ. ಸೇಡಿನ ಪುಟಗಳನ್ನೂ ಹಾಗೆಯೇ ಓದಿ ಮುಗಿಸಿದ್ದೆ.

"ನನಗೇನೂ ಅನಿಸಲಿಲ್ರಿ," ಎಂದೆ.

"ಹಂಗಾರ ನೀವು ಬರೋಬ್ಬರಿ ಓದಿಲ್ಲ ಬಿಡ್ರಿ," ಎಂದರು ಮಾಸ್ತರರು.

"ಇರಬೇಕ್ರಿ," ಎಂದು ಪುಸ್ತಕವನ್ನು ಕಪಾಟಿನಲ್ಲಿಟ್ಟೆ.