ಬಳಿಯವ್ವನ ಕಲ್ಲು ಮತ್ತು ಕಾಶೀಬಾಯಿ ಅಕ್ಕೋರು

ಕಾಶೀಬಾಯಿ ಅಕ್ಕೋರ ಬಲಗೈ ಬೆರಳುಗಳು ಯಾವಾಗಲೂ ಬೆಳ್ಳಗಿರುತ್ತಿದ್ದವು. ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಖಡುವಿನ, ಅಂದರೆ ಸೀಮೆಸುಣ್ಣದ, ಪುಡಿ ಉಳಿದೇ ಇರುತ್ತಿತ್ತು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆಲ್ಲ ಅಕ್ಕೋರು ಎನ್ನುವುದು ರೂಢಿ. ಅವರ ಶಾಲೆಯಲ್ಲೇ ಗಣಿತ ಕಲಿಸುತ್ತಿದ್ದ ನಾನೂ ಅಕ್ಕೋರೇ. ಆದರೆ ಊರಲ್ಲಿ ಬರೀ ಅಕ್ಕೋರು ಎಂದರೆ ಅವರೊಬ್ಬರೇ.

ಶಾಲೆ ಇದ್ದದ್ದು ತಿಕೋಟಾಕ್ಕೂ ಬಬಲೇಶ್ವರಕ್ಕೂ ನಡುವಿನ ಒಂದು ಹಳ್ಳಿಯಲ್ಲಿ. ಹೆಸರು ಬೇಡ, ಜಗಳಕ್ಕೆ ಬರುವವರು ಇನ್ನೂ ಗಟ್ಟಿಮುಟ್ಟಾಗಿದ್ದಾರೆ. ಎಪ್ಪತ್ತರ ದಶಕ ಆಗತಾನೆ ಶುರುವಾಗಿತ್ತು. ಅಕ್ಕೋರು ವಿಜಾಪುರದ ಇಬ್ರಾಹಿಂಪುರದಿಂದ ಮೊದಲ ಬಸ್ಸಿಗೆ ಬರುತ್ತಿದ್ದರು. ಚೀಲ ಇಡುವ ಮೊದಲೇ ಶಾಲೆಯ ಗೇಟಿಗೆ ತೂಗುಹಾಕಿದ್ದ ಕರಿಹಲಗೆಯನ್ನು ಒರೆಸಿ ಆ ದಿನದ ತಿಳುವಳಿಕೆ ಬರೆಯುತ್ತಿದ್ದರು. ಒಂದು ದಿನ ಭಾಷೆಯದು, ಒಂದು ದಿನ ಇತಿಹಾಸದ್ದು, ಇನ್ನೊಂದು ದಿನ ಜೇಡ ಯಾಕೆ ಕೀಟವಲ್ಲ ಎನ್ನುವುದು. ಹೊಲಕ್ಕೆ ಹೋಗುವವರು ಎತ್ತು ನಿಲ್ಲಿಸಿ ಓದುತ್ತಿದ್ದರು, ಓದು ಬಾರದವರು ಹುಡುಗಿಯರಿಂದ ಓದಿಸಿಕೊಳ್ಳುತ್ತಿದ್ದರು. ಪಗಾರ ಮತ್ತು ಚಾವಿ ಎಂಬ ಮಾತುಗಳು ಪೋರ್ಚುಗೀಸರ ಹಡಗಿನಲ್ಲಿ ಬಂದವು ಎಂದು ಬರೆದ ದಿನ ನಮ್ಮ ಸಿಪಾಯಿ, ಅದಕ್ಕೇ ನಮ್ಮ ಪಗಾರ ಇಷ್ಟು ತಡವಾಗಿ ಮುಟ್ಟುತ್ತದೆ ಎಂದಿದ್ದ. ಎಲ್ಲರೂ ನಕ್ಕರು, ಅಕ್ಕೋರು ನಗಲಿಲ್ಲ. ಅವರು ನಗುವವರ ಪೈಕಿಯೇ ಅಲ್ಲ. ಮೊದಲ ತಾಸಿಗೆ ಬಂದವರೇ "ಓದಿ ಬಂದೀರೋ, ಬರೇ ನೋಡಿ ಬಂದೀರೋ" ಎಂದು ಹುಡುಗಿಯರನ್ನು ಎಬ್ಬಿಸಿ ನಿಲ್ಲಿಸುತ್ತಿದ್ದರು. ಗೊತ್ತಿಲ್ಲ ಎಂದವರನ್ನು ಬೈಯುತ್ತಿರಲಿಲ್ಲ. ಗೊತ್ತಿದ್ದವರ ಹಾಗೆ ನಟಿಸಿದರೆ ಮಾತ್ರ ಚರ್ಮ ಸುಲಿಯುವಂತೆ ಬೈಯುತ್ತಿದ್ದರು.

ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ತಾಯಿ ಮತ್ತು ತೀರಿಹೋದ ತಮ್ಮನ ಮಕ್ಕಳು ಅವರ ಸಂಬಳದ ಮೇಲೇ ಇದ್ದರು.

ಊರ ಹೊರಗೆ ಬಳಿಯವ್ವನ ಕಲ್ಲಿತ್ತು. ಅದರಲ್ಲಿ ಒಂದು ಕಂಬ ಕೆತ್ತಿ, ಕಂಬದಿಂದ ಹೊರಟ ಹೆಂಗಸಿನ ತೋಳನ್ನು ಮೇಲೆತ್ತಿ ತೋರಿಸಿದ್ದರು, ಮುಂಗೈ ತುಂಬ ಬಳೆ, ನಮ್ಮ ಮಾತಿನಲ್ಲಿ ಬಳಿ. ಮದುವೆ ಗಟ್ಟಿಯಾದ ಹುಡುಗಿ ಅರಿಷಿಣ ಹಚ್ಚಿಸಿಕೊಳ್ಳುವ ಮೊದಲು ಅಲ್ಲಿಗೆ ಹಸಿರು ಬಳೆ ಒಯ್ದಿಟ್ಟು, ಸೆರಗೊಡ್ಡಿ, ನನ್ನ ಮುತ್ತೈದೆತನ ಕಾಯವ್ವಾ ಎಂದು ಬೇಡಬೇಕು. ಅಕ್ಕೋರು ಒಂದು ಮಧ್ಯಾಹ್ನ ನನ್ನನ್ನೂ ಕರೆದುಕೊಂಡು ಹೋಗಿ, ಗಟ್ಟಿಯಾಗಿ ಮೆತ್ತಿದ್ದ ಕುಂಕುಮದ ಹಕ್ಕಳೆ ಕೆರೆದು, ಆ ಕಲ್ಲನ್ನು ಬಹಳ ಹೊತ್ತು ನೋಡಿದರು. ಆಮೇಲೆ, "ನಾ ಆ ಕಾಲದಾಗ ಹುಟ್ಟಿದ್ರ ನನಗೂ ಇಂಥಾದೊಂದು ಕಲ್ಲ ನಿಂದರಿಸ್ತಿದ್ರು ನೋಡ್ರಿ" ಎಂದರು.

ಮರುದಿನ ಹಲಗೆಯ ಮೇಲೆ ಬರೆದರು: 'ಬಳಿಯವ್ವನ ಕಲ್ಲು ಮಾಸ್ತಿಕಲ್ಲು. ಸತ್ತ ಗಂಡನ ಚಿತೆಯಲ್ಲಿ ಸುಟ್ಟುಹೋದ ಹೆಂಗಸಿನ ಗುರುತಿಗೆ ನಿಲ್ಲಿಸಿದ್ದು. ಆಕೆಯ ಹೆಸರು ಯಾರಿಗೂ ನೆನಪಿಲ್ಲ.'

ಒಂದೆರಡು ದಿನ ಊರು ಗುಸುಗುಸು ಮಾಡಿ ಸುಮ್ಮನಾಗುತ್ತಿತ್ತೋ ಏನೋ. ಆದರೆ ನಮ್ಮ ಶಾಲೆಯ ಚೇರಮನ್ನರ ಮಗಳು ಸುಮಿತ್ರಾ ಮ್ಯಾಟ್ರಿಕ್ಕಿನಲ್ಲಿ ಓದುತ್ತಿದ್ದಳು, ಬಬಲೇಶ್ವರಕ್ಕೆ ಅವಳನ್ನು ಕೊಡುವುದು ನಿಶ್ಚಯವಾಗಿತ್ತು. ಬಳೆ ಇಡಲು ಹೊರಟ ದಿನ ಅವಳು ಮನೆಯ ಹೆಂಗಸರೆದುರು, "ಸುಟ್ಟು ಸತ್ತಾಕಿ ಹತ್ರ ನಾ ಏನಂತ ಬೇಡ್ಲಿ?" ಎಂದುಬಿಟ್ಟಳು. ಹೊಡೆದರು, ಉಪವಾಸ ಕೆಡವಿದರು, ಹುಡುಗಿ ಜಗ್ಗಲಿಲ್ಲ. ಬೀಗರ ಕಿವಿಗೆ ಬಿದ್ದರೆ ಮದುವೆಯೇ ಮುರಿದೀತು ಎಂದು ಚೇರಮನ್ನರಿಗೆ ಭಯ.

ಅವರು ಶಾಲೆಗೆ ಬಂದು ಎಲ್ಲರೆದುರು ಅಕ್ಕೋರನ್ನು ನಿಲ್ಲಿಸಿ ಮಾತಾಡಿದರು. ಗಂಡನಿಲ್ಲದವರಿಗೆ ಮುತ್ತೈದೆಯರ ದೇವರ ಮೇಲೆ ಹೊಟ್ಟೆಕಿಚ್ಚು ಎಂದರು. ಆ ಮಾತಾಡಿದ ಬಾಯಿಗೆ ಹುಳ ಬೀಳಲಿ ಎಂದು ನಾನು ಆಗಲೂ ಅಂದುಕೊಂಡೆ, ಈಗಲೂ ಅನ್ನುತ್ತೇನೆ. ಬರೆದದ್ದು ತಪ್ಪು ಎಂದು ಅದೇ ಹಲಗೆಯ ಮೇಲೆ ಬರೆಯಬೇಕು, ಇಲ್ಲದಿದ್ದರೆ ನಾಳೆಯಿಂದ ಬರಬೇಕಾಗಿಲ್ಲ ಎಂದು ಹೇಳಿ ಹೋದರು.

ಬರೀಬ್ಯಾಡ್ರಿ ಎಂದು ನಾನು ಬೇಡಿಕೊಂಡೆ. ಬೇರೆ ಶಾಲೆ ಸಿಗುತ್ತದೆ ಎಂದೂ ಹೇಳಿದೆ.

"ಸಿಗೂತನಕ ನನ್ನ ತಮ್ಮನ ಹುಡುಗ್ರು ಏನ ತಿನಬೇಕ್ರಿ?" ಎಂದವರೇ ಖಡು ಹಿಡಿದು ಎದ್ದರು.

'ಮೊನ್ನೆ ಬರೆದದ್ದು ತಪ್ಪು. ಬಳಿಯವ್ವ ದೇವಿ, ಮುತ್ತೈದೆಯರನ್ನು ಕಾಯುವವಳು.' ಅದೇ ದುಂಡನೆಯ ಅಕ್ಷರ. ಒಂದಾದರೂ ಸೊಟ್ಟಗಿದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಮಧ್ಯಾಹ್ನ ಚೇರಮನ್ನರು ಮಗಳನ್ನು ಗೇಟಿನ ಮುಂದೆ ತಂದು ನಿಲ್ಲಿಸಿದರು. ಸುಮಿತ್ರಾ ಓದಿದಳು, ಅಂಗಳದಲ್ಲಿದ್ದ ಅಕ್ಕೋರ ಕಡೆ ನೋಡಿದಳು. ಖರೇನೇನ್ರಿ ಎಂದು ಕೇಳಿದಳು. ಅಕ್ಕೋರು ಹೌದೆಂದು ತಲೆಯಾಡಿಸಿದರು. ಹುಡುಗಿ ಅಪ್ಪನ ಹಿಂದೆ ಆ ಕಲ್ಲಿಗೆ ಹೋದಳು.

ಆಮೇಲೂ ಹಲಗೆ ತುಂಬುತ್ತಿತ್ತು. ಒಂಟೆಯ ಡುಬ್ಬ, ಜಿರಾಫೆಯ ಕುತ್ತಿಗೆ, ಧ್ರುವದ ಹಿಮ. ನಮ್ಮ ಸೀಮೆಯ ಮಾತು ಒಂದೂ ಬರಲಿಲ್ಲ. ಊರಿನವರು ಮೆಚ್ಚಿಕೊಂಡೇ ಓದಿದರು, ಅವರಿಗೇನು.

ಕೆಲವು ವರ್ಷಗಳಲ್ಲಿ ಅಕ್ಕೋರಿಗೆ ಎದೆಯ ಬೇನೆ ಹತ್ತಿ ಶಾಲೆ ಬಿಟ್ಟರು. ನಾನು ಅವರನ್ನು ಕೊನೆಯ ಸಲ ನೋಡಿದ್ದು ಇಬ್ರಾಹಿಂಪುರದ ಮನೆಯಲ್ಲಿ, ಆ ಹಾಸಿಗೆಯಿಂದ ಅವರು ಮತ್ತೆ ಏಳಲಿಲ್ಲ. ಶಾಲೆಯವರಲ್ಲಿ ಬೇರೆ ಯಾರನ್ನೂ ವಿಚಾರಿಸದ ಅವರು ಸುಮಿತ್ರಾ ಹೇಗಿದ್ದಾಳೆ ಎಂದು ಕೇಳಿದರು. ಚೆನ್ನಾಗಿದ್ದಾಳೆ ಎಂದಷ್ಟೇ ಹೇಳಿ ಮುಗಿಸಲು ನೋಡಿದೆ. ಅವರ ಮುಂದೆ ಅದು ನಡೆಯುವುದಲ್ಲ, ನೀವು ಏನೋ ಮುಚ್ಚಿಡಾಕತ್ತೀರಿ ಎಂದು ಪಟ್ಟು ಹಿಡಿದರು.

ಹೇಳಿದೆ. ಹಿಂದಿನ ವಾರ ಸುಮಿತ್ರಾ, ಮದುವೆ ಗೊತ್ತಾಗಿದ್ದ ತನ್ನ ನಾದಿನಿಯನ್ನು ಕರೆದುಕೊಂಡು ತವರಿಗೆ, ಬಳಿಯವ್ವನ ಕಲ್ಲಿಗೆ ಬಂದಿದ್ದಳು. ಆ ನಾದಿನಿ ವಿಜಾಪುರದಲ್ಲಿ ಕಲಿತವಳು. ಇದು ಮಾಸ್ತಿಕಲ್ಲು, ನಾನು ಬಳೆ ಇಡುವುದಿಲ್ಲ ಎಂದು ನಿಂತುಬಿಟ್ಟಳು. ನಾನು ಅಲ್ಲೇ ಇದ್ದೆ.

"ಸುಮಿತ್ರಾ ಏನಂದ್ಳು?"

"ನಮ್ಮ ಅಕ್ಕೋರ ಸ್ವತಃ ಬರದಾರ, ಇದು ದೇವಿನ ಅಂತ. ಅವರು ಸುಳ್ಳ ಬರಿಯೋರಲ್ಲ ಅಂದ್ಳ್ರಿ. ಆ ಹುಡುಗಿ ಬಳಿ ಇಟ್ಳು."

ಅಕ್ಕೋರು ಬಲಗೈ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡರು.

"ಅಷ್ಟು ನಂಬ್ಯಾಳೇನ್ರಿ ನನ್ನ?" ಎಂದರು.