ಕಣದಲ್ಲಿ ಮರಳು ಮೂಟೆ

ಮಂಗಳೂರಿನ ಡಾಕ್ಟರು ನನ್ನ ಮೊಣಕಾಲಿಗೆ ಪುಟ್ಟ ಸುತ್ತಿಗೆಯಿಂದ ತಟ್ಟಿದರು, ಮತ್ತೆ ತಟ್ಟಿದರು, ಆಮೇಲೆ ನನ್ನನ್ನು ಬಿಟ್ಟು ನನ್ನ ಹೆಂಡತಿಯ ಕಡೆ ತಿರುಗಿ ಮಾತಾಡಿದರು. ಸ್ನಾಯು ಸವೆಯುವ ಕಾಯಿಲೆ. ನಿಧಾನಕ್ಕೆ ಬರುತ್ತದೆ, ಆದರೆ ನಿಲ್ಲುವುದಿಲ್ಲ. ಬಸ್ಸು ಘಾಟಿ ಹತ್ತುವಾಗ ಅವಳು ಒಂದೇ ಪ್ರಶ್ನೆ ಕೇಳಿದಳು: "ನಿಮ್ಮ ತೂಕ ಎಷ್ಟೈತೆ?"

ಹಾನುಬಾಳಿನ ಹತ್ತಿರ ನಮ್ಮದು ಸಣ್ಣ ತೋಟ. ಆ ವಾರವೇ ಅವಳು ಕಾಫಿ ಒಣಗಿಸುವ ಕಣದಲ್ಲಿ ಒಂದು ಗೋಣಿಚೀಲಕ್ಕೆ ಸ್ವಲ್ಪ ಮರಳು ತುಂಬಿ, ಅದನ್ನು ಎತ್ತಿ ಇಳಿಸತೊಡಗಿದಳು.

ಕೆಲಸಕ್ಕೆ ಬರುವ ಹೆಂಗಸೊಬ್ಬಳು ನಕ್ಕಳು. "ಇದೇನಮ್ಮೋ, ಎತ್ತಾಕೆ ನಾವಿಲ್ವಾ?"

"ಇದನ್ನ ನಾನೇ ಎತ್ತಬೇಕು ಕಣಮ್ಮ."

ನಾನು ಏಕೆಂದು ಕೇಳಲಿಲ್ಲ. ಬೆಳಿಗ್ಗೆ ಹಾಸಿಗೆಯಲ್ಲಿರುವಾಗಲೇ ಮೂಟೆ ನೆಲಕ್ಕೆ ಕೂರುವ ಸದ್ದು ಕೇಳುತ್ತಿತ್ತು. ವಾರದಿಂದ ವಾರಕ್ಕೆ ಆ ಸದ್ದು ದಪ್ಪವಾಗುತ್ತಿತ್ತು. ಅಷ್ಟರಲ್ಲಿ ನನ್ನ ಚಪ್ಪಲಿ ನನಗೆ ಗೊತ್ತಾಗದಂತೆ ಕಾಲಿನಿಂದ ಜಾರತೊಡಗಿತ್ತು. ಚೀಲಕ್ಕೆ ಮರಳು ಬಿದ್ದಷ್ಟೂ ನನ್ನ ತೊಡೆಯಿಂದ ಏನೋ ಸೋರಿಹೋಗುತ್ತಿದೆ ಅನ್ನಿಸುತ್ತಿತ್ತು.

ಒಂದು ದಿನ ಬಚ್ಚಲಲ್ಲಿ ಬಿದ್ದೆ. ಅವಳು ಎಷ್ಟು ಎಳೆದರೂ ನನ್ನನ್ನು ಎಬ್ಬಿಸಲಾಗಲಿಲ್ಲ. ಆಳುಗಳ ಲೈನ್ ಮನೆಗಳಿಂದ ಇಬ್ಬರು ಗಂಡಸರು ಬರಬೇಕಾಯಿತು. ಬರೀ ಒದ್ದೆ ಟವೆಲ್ ಸುತ್ತಿಕೊಂಡಿದ್ದ ನನ್ನನ್ನು ಹೊತ್ತು ತಂದರು. ಮರುದಿನ ಅವಳು ಸಿಟ್ಟಿನಲ್ಲಿ ಚೀಲ ಬಿರಿಯುವಷ್ಟು ಮರಳು ಸುರಿದಳು. ಒಮ್ಮೆ ಎತ್ತಿದಳು, ಅಲ್ಲೇ ಸೊಂಟ ಹಿಡಿದು ಕೂತುಬಿಟ್ಟಳು.

ಸಕಲೇಶಪುರದಲ್ಲಿ ನನಗೆ ವ್ಯಾಯಾಮ ಮಾಡಿಸುತ್ತಿದ್ದ ಫಿಸಿಯೋಥೆರಪಿಯವರು ಅವಳನ್ನು ಚೆನ್ನಾಗಿ ಬೈದರು. "ಇವತ್ತಿನ ಭಾರ ಹಗುರ ಅನ್ನಿಸಿದ ಮೇಲೇ ಸ್ವಲ್ಪ ಜಾಸ್ತಿ ಮಾಡ್ಬೇಕು ಕಣ್ರೀ. ಮಧ್ಯೆ ಒಂದೊಂದಿನ ಬಿಡಿ. ರೆಸ್ಟ್ ಕೊಟ್ರೇನೇ ಮಾಂಸಖಂಡ ಬೆಳೆಯೋದು."

"ಅಷ್ಟು ಟೈಮ್ ಇಲ್ಲ ನಮಗೆ."

"ನೀವು ಬೆನ್ನು ಮುರ್ಕೊಂಡ್ರೆ ಇವರನ್ನ ಎತ್ತೋರು ಯಾರು?"

ನಾವಿಬ್ಬರೂ ಬಾಯಿಗೆ ತರದಿದ್ದ ಮಾತನ್ನು ಮೂರನೆಯವರು ಆಡಿದ್ದರು. ವಾಪಸ್ಸು ಬರುವಾಗ ಅವಳು ಆಟೋದ ಹೊರಗೇ ನೋಡುತ್ತಿದ್ದಳು.

ಸೊಂಟ ಸರಿಹೋದ ಮೇಲೆ ಅರ್ಧ ಚೀಲದಿಂದ ಮತ್ತೆ ಶುರು ಮಾಡಿದಳು. ಬೆನ್ನು ನೆಟ್ಟಗೆ, ಭಾರ ಎದೆಗೆ ಅವಚಿ, ತೊಡೆಯ ಬಲದಿಂದ ಏಳುವುದು. ವರ್ಷ ಕಳೆಯುವುದರೊಳಗೆ ಅವಳ ರವಿಕೆ ತೋಳುಗಳನ್ನು ಬಿಚ್ಚಿ ಹೊಲಿಸಬೇಕಾಯಿತು. ನಾನು ಗಾಲಿಕುರ್ಚಿಗೆ ಬಂದಿದ್ದೆ.

ಕಳೆದ ಸುಗ್ಗಿಯಲ್ಲಿ ಒಂದು ಸಂಜೆ ಕಣದಲ್ಲಿ ಕುಳಿತಿದ್ದೆ. ಆಳುಗಳೆಲ್ಲ ಹೋಗಿದ್ದರು. ಅವಳ ಫೋನಿಗೆ ಅರಣ್ಯ ಇಲಾಖೆಯ ಮೆಸೇಜ್ ಬಂತು: ಆನೆಗಳು ನಮ್ಮ ಕಡೆ ಇಳಿಯುತ್ತಿವೆ. ಓದಿ ಮುಗಿಸುವ ಮುಂಚೆಯೇ ಕೆಳಗಿನ ತೋಟದಲ್ಲಿ ಕೊಂಬೆಯೊಂದು ಲಟಕ್ಕೆಂದಿತು. ಕಣದಿಂದ ಮನೆಗೆ ಕಲ್ಲುಮೆಟ್ಟಿಲು. ಬೆಳಿಗ್ಗೆ ಕುರ್ಚಿ ಸಮೇತ ನನ್ನನ್ನು ಇಳಿಸಿದ್ದವರು ಆ ಆಳುಗಳೇ.

"ನೀನು ಹೋಗು. ನಾನು ಅಲ್ಲಾಡದೆ ಕೂತಿರ್ತೀನಿ," ಎಂದೆ.

"ಸುಮ್ನೆ ಕುತ್ತಿಗೆ ಹಿಡ್ಕಳ್ಳಿ."

ಬಗ್ಗಿದಳು, ಅವಚಿಕೊಂಡಳು, ಎದ್ದಳು. ಅವಳು ನನ್ನನ್ನು ಪೂರ್ತಿ ಎತ್ತಿದ್ದು ಅದೇ ಮೊದಲು. ಅವಳ ಭುಜದ ಮೇಲಿಂದ ನನಗೆ ಹಿಂದಿನದೆಲ್ಲ ಕಾಣುತ್ತಿತ್ತು: ಖಾಲಿ ಕುರ್ಚಿ, ಹರವಿದ ಕಾಫಿ, ಅದರಾಚೆ ಗಾಳಿಯಿಲ್ಲದೆ ಅಲ್ಲಾಡುತ್ತಿದ್ದ ಗಿಡಗಳು. ಅವಳು ಓಡಲಿಲ್ಲ. ಒಂದೊಂದೇ ಮೆಟ್ಟಿಲನ್ನು ಪಾದದಿಂದ ತಡವಿ ಹತ್ತಿದಳು. ಒಳಗೆ ಹೋಗಿ ನನ್ನನ್ನು ಮಂಚದ ಮೇಲೆ ಕೂರಿಸಿ ಅಗಳಿ ಹಾಕಿದಳು.

ಹೊರಗೆ ಗಾಲಿಕುರ್ಚಿ ನುಗ್ಗಾಗುವ ಸದ್ದು ಕೇಳಿತು. ಆಮೇಲೆ ಗೋಡೆಗೆ ಒರಗಿದಷ್ಟು ಹತ್ತಿರದಲ್ಲಿ ಒಂದು ದೀರ್ಘ ಉಸಿರು. ಅವಳು ನನ್ನ ಪಕ್ಕ ಕೂತು, ಬಾಗಿಲ ಮೇಲಿಟ್ಟ ಕಣ್ಣು ತೆಗೆಯದೆ, ಮತ್ತೆ ಎತ್ತಬೇಕಾದೀತೆಂದು ಒಂದು ತೋಳನ್ನು ನನ್ನ ಮೊಣಕಾಲುಗಳ ಕೆಳಗೆ ತೂರಿಸಿಟ್ಟುಕೊಂಡಳು.