ದಡದ ಮೇಲೆ ಗ್ರಾಮಫೋನು

ಗ್ರಾಮಫೋನಿನ ತುತ್ತೂರಿಗೆ ಹಸಿರು ಶಾಲು ಸುತ್ತಿದ್ದರು. ನೀರು ಸಿಡಿದೀತೆಂದು.

ಕಳೆದ ಭಾನುವಾರ, ಹಂಪಿಯ ಹರಿಗೋಲು ಘಟ್ಟ. ಶಾಲು ಸುತ್ತಿದವರು ಹೊಸಪೇಟೆಯಲ್ಲಿ ನನ್ನ ಪಕ್ಕದ ಮನೆಯ ವಕೀಲರು. ಸಂಸಾರ ಸಮೇತ ಹೊಳೆಯಾಚೆಯ ಆನೆಗೊಂದಿಗೆ ಪಿಕ್ನಿಕ್ ಹೊರಟಿದ್ದರು. ನಾನು ಆಚೆಯ ವಿದ್ಯಾರ್ಥಿನಿಯೊಬ್ಬಳ ಮನೆಗೆ ಹೊರಟವಳು, ಮೆಟ್ಟಿಲ ಮೇಲೆ ಕಾಯುತ್ತಿದ್ದೆ.

ಅಲ್ಲಿ ಬಂಡೆಗಳ ನಡುವೆ ಹರಿಗೋಲು ತಾಗುವ ಇಳಿಜಾರು ಒಂದೇ. ಅದರಲ್ಲಿ ವಕೀಲರ ಹರಿಗೋಲು ಅರ್ಧ ತುಂಬಿ ನಿಂತಿತ್ತು. ಜಮಖಾನ ಬಿಚ್ಚಿ ಮತ್ತೆ ಸುತ್ತಿದರು. ಬುತ್ತಿಯ ಡಬ್ಬಿಗಳನ್ನು ಇಳಿಸಿ ಮತ್ತೆ ಏರಿಸಿದರು. (ಇದನ್ನೆಲ್ಲ ಮನೆಯ ಜಗುಲಿಯಲ್ಲೇ ಮುಗಿಸಬಹುದಿತ್ತಲ್ಲವೇ?) ಕೊನೆಗೆ ನೆನಪಾಯಿತು: ಗ್ರಾಮಫೋನಿನ ಮುಳ್ಳು ಮೇಲೆ ನಿಲ್ಲಿಸಿದ ಮೋಟಾರು ಕಾರಿನಲ್ಲೇ ಉಳಿದಿದೆ! ಡ್ರೈವರ್ ಓಡಿದ.

ಅಷ್ಟರಲ್ಲಿ ಆಚೆ ದಡದಿಂದ ಇನ್ನೊಂದು ಹರಿಗೋಲು ಬಂತು. ಅದರಲ್ಲಿ ಒಬ್ಬಳೇ ಹೆಂಗಸು.

“ಸಾಹೇಬ್ರ, ಒಂದೀಟು ಸರಿಸ್ರಿ,” ಅಂಬಿಗ ಕೂಗಿದ. “ಈ ಊರಾಗ ಈಕಿ ಅವ್ವ ತೀರ್ಕೊಂಡಾಳ್ರಿ. ಮಣ್ಣಿಗೆ ಒಯ್ಯಾಕತ್ತಾರ.”

“ತಡಿಯೋ, ನಾವು ಮೊದಲು ಬಂದವರು,” ಎಂದರು ವಕೀಲರು. “ಮುಳ್ಳು ಬಂದ ತಕ್ಷಣ ಹೊರಟೆವು.”

“ನಮ್ಮವ್ವನ ಮುಖಾ ಒಂದ್ಸಲ ನೋಡ್ತೀನ್ರೀ ಎಪ್ಪಾ! ದಾರಿ ಬಿಡ್ರೀ!”

ಹರಿಗೋಲು ನಿಂತಲ್ಲೇ ಗಿರಗಿರನೆ ತಿರುಗುತ್ತಿತ್ತು. ಅವಳು ಮಾತ್ರ ದಡದ ಕಡೆಗೇ ಮುಖ ಮಾಡಿಕೊಳ್ಳುತ್ತಿದ್ದಳು.

ಆಕೆಯನ್ನು ಮೊದಲು ಇಳಿಯಲು ಬಿಡಿ ಎಂದೆ. “ಮಿಸ್, ನೀವು ಓದಿದವರು. ಸರದಿ ಅಂದರೇನು ಅಂತ ಅವರಿಗೆ ಹೇಳಿ,” ಎಂದು ವಕೀಲರು ನಕ್ಕರು.

ಮುಳ್ಳು ಬಂತು. ಅವರು ಹೊರಟರು. ಅವಳು ಹರಿಗೋಲು ದಡ ತಾಗುವ ಮೊದಲೇ ನೀರಿಗೆ ಧುಮುಕಿ, ಒದ್ದೆ ಸೀರೆಯಲ್ಲೇ ಊರ ಕಡೆ ಓಡಿದಳು.

ಸಂಜೆ ಮರಳುವಾಗ ಅದೇ ಅಂಬಿಗನನ್ನು ಕೇಳಿದೆ.

“ಕಾದು ಕಾದು ಆಗಷ್ಟೇ ಮಣ್ಣು ಮುಚ್ಚಿದ್ರಂತ್ರಿ, ಅಕ್ಕಾರ. ಮ್ಯಾಲೊಂದು ಹಿಡಿ ಹಾಕಿ ಬಂದ್ಲು.”

ಸರದಿ ಎಂಬುದು ಸಿದ್ಧವಾಗಿ ಬಂದವರ ಮಾತು. ಗಂಟುಮೂಟೆಯನ್ನು ದಡದ ಮೇಲೆಯೇ ಕಟ್ಟಿಕೊಂಡು ಬರುವುದು, ಹತ್ತುವುದು, ಜಾಗ ಬಿಡುವುದು. ಇಷ್ಟಕ್ಕೆ ಯಾವ ಕಾಲೇಜು ಬೇಕು? ಘಟ್ಟ ಎಲ್ಲರದು ಎಂದರೆ, ನಾನು ಏಳುವವರೆಗೂ ನನ್ನದೇ ಎಂದು ಅರ್ಥವೇ?

ಅದೇ ರಾತ್ರಿ ವಕೀಲರ ಹೆಂಡತಿ, ಪಿಕ್ನಿಕ್ಕಿನಲ್ಲಿ ಉಳಿದ ಕೋಡುಬಳೆಯನ್ನು ತಟ್ಟೆಯಲ್ಲಿಟ್ಟು ಕಳಿಸಿಕೊಟ್ಟರು. ಗ್ರಾಮಫೋನು ಬಹಳ ಚೆನ್ನಾಗಿ ಹಾಡಿತಂತೆ.

ನಮ್ಮಲ್ಲಿ ನೆರೆಮನೆಯ ತಟ್ಟೆಯನ್ನು ಬರಿದೇ ಹಿಂದಿರುಗಿಸುವುದಿಲ್ಲ. ಚಿಟಿಕೆ ಸಕ್ಕರೆಯನ್ನಾದರೂ ಇಡುತ್ತೇವೆ.

ಮರುದಿನ ಬೆಳಗ್ಗೆ ಅವರ ತಟ್ಟೆಯನ್ನು ತೊಳೆದು, ಒರೆಸಿ, ಬರಿದೇ ಕೊಟ್ಟು ಬಂದೆ.